ಬೇರೆಯವರ ತೋಟದ ಸಸಿ

"ಅತ್ತೆ, ನೀವೇನಾದ್ರೂ ಹೊರಗಾಗಿದ್ದೀರಾ?"

ಸೊಸೆ ವನಜಾಕ್ಷಿಯ ಬಾಯಿಂದ ಈ ಮಾತು ಬಿದ್ದದ್ದೇ ತಡ, ತಿಮ್ಮಕ್ಕನ ಕೈಯಲ್ಲಿದ್ದ ಮೊರ ಜಾರಿ ರಾಗಿಯೆಲ್ಲ ಪಡಸಾಲೆಯ ತುಂಬ ಚೆಲ್ಲಿತು. ಮುಟ್ಟು ನಿಂತು ಹತ್ತು ವರ್ಷವಾದ, ಐವತ್ತೆಂಟರ ಅತ್ತೆಯನ್ನು ಕೇಳುವ ಪ್ರಶ್ನೆಯೇ ಇದು! ಆದರೆ ವನಜಾಕ್ಷಿಯ ಸ್ವಭಾವವೇ ಹಾಗೆ. ಒಂದು ವಿಷಯ ತಲೆಗೆ ಹೊಕ್ಕರೆ ಅದರ ಬುಡ ಕಾಣುವ ತನಕ ಅವಳಿಗೆ ಅನ್ನ ಸೇರದು. ಅತ್ತೆ ದೇವರ ಮನೆಯ ಹೊಸಿಲು ದಾಟದೆ, "ಸೊಂಟ ನೋವು, ನೀನೇ ದೀಪ ಹಚ್ಚು" ಎಂದದ್ದು ಆ ತಿಂಗಳಲ್ಲಿ ಇದು ಎರಡನೆಯ ಸಲ. ಅದೇ ಸೊಂಟದ ಮೇಲೆ ತುಂಬಿದ ಬಿಂದಿಗೆ ಹೊತ್ತು ಬಂದದ್ದನ್ನು ಅವಳು ನೋಡಿದ್ದಳು. ಎಲ್ಲರಿಗಿಂತ ಮೊದಲೇ ಎದ್ದು ಬಟ್ಟೆ ಒಗೆದು, ತೋಟದ ಹಿಂದಿನ ಬೇಲಿಗೆ ಹರವಿದ್ದನ್ನೂ ನೋಡಿದ್ದಳು.

"ಎಲುಬಿಲ್ಲದ ನಾಲಿಗೆ ಅಂತ ಏನು ಬೇಕಾದ್ರೂ ಆಡ್ತೀಯೇನೇ? ನಾಚಿಕೆ ಆಗಕ್ಕಿಲ್ವಾ ನಿಂಗೆ!" ತಿಮ್ಮಕ್ಕ ಗುಡುಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಬೈಯುತ್ತಲೇ ಸೀರೆಯ ಹಿಂಬದಿ ಸವರಿಕೊಂಡಳು. ಸೊಸೆಗೆ ಅಷ್ಟು ಸಾಕಾಯಿತು.

"ಎಷ್ಟು ಬೇಕಾದ್ರೂ ಬೈಯಿರಿ ಅತ್ತೆ. ನಾಳೆ ತಿಪಟೂರಿಗೆ ಡಾಕ್ಟ್ರ ಹತ್ರ ಹೋಗಾಣ. ಬರಲ್ಲ ಅಂದ್ರೆ ನಿಮ್ ಮಗನಿಗೆ ಹೇಳ್ತೀನಿ."

"ಅಯ್ಯೋ, ಅವನಿಗೆ ಹೇಳ್ಬ್ಯಾಡ ಕಣೇ... ಮಾನ ಹೋಗ್ತದೆ!" ಅವಳ ದನಿ ಒಡೆಯಿತು. "ಮೂರು ತಿಂಗ್ಳಿಂದ ಹಿಂಗೇ ಕಣವ್ವ... ನಮ್ಮವ್ವನೂ ಹಿಂಗೇ ಹೋದ್ಲು..."

ತಿಮ್ಮಕ್ಕ ಅಳುವುದನ್ನು ವನಜಾಕ್ಷಿ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಕಿಬ್ಬನಹಳ್ಳಿ ಸುತ್ತಿನ ನೆಂಟರಿಷ್ಟರಲ್ಲಿ ತಿಮ್ಮಕ್ಕನೆಂದರೆ ಕಲ್ಲೆದೆಯ ಹೆಂಗಸು ಎಂದೇ ಹೆಸರು. ಕಾರಣವೂ ಇತ್ತು. ಹತ್ತು ವರ್ಷದ ಹಿಂದೆ ಮಗ ಪುನೀತನಿಗೆ ಸೋದರತ್ತೆ ಭೂತಮ್ಮನ ಮಗಳು ಜೀವಿತಾಳನ್ನು ತರುವುದೆಂದು ಹಿರಿಯರು ಮಾತಾಡಿದ್ದರು. ತಿಮ್ಮಕ್ಕನ ಗಂಡ ರಂಗಪ್ಪನಿಗೆ ತಂಗಿಯ ಮಗಳೇ ಸೊಸೆಯಾಗಿ ಬರುತ್ತಾಳೆಂದು ಹಿಗ್ಗೋ ಹಿಗ್ಗು. ಚಿಕ್ಕನಾಯಕನಹಳ್ಳಿಯ ಭೂತಮ್ಮನ ಮನೆಯಲ್ಲಿ ಇನ್ನೇನು ಎಲೆ ಅಡಿಕೆ ಬದಲಾಯಿಸಬೇಕು, ತಿಮ್ಮಕ್ಕ ಎದ್ದು ನಿಂತು, "ಈ ಕರಿ ಮೂತಿಯೋಳು ನನ್ನ ಹೊಸಿಲು ತುಳಿಯೋದು ಬ್ಯಾಡ!" ಎಂದು ತಟ್ಟೆಯನ್ನು ತಳ್ಳಿಬಿಟ್ಟಳು. ಹುಡುಗಿ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಭೂತಮ್ಮ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಅಂದಿನಿಂದ ಎರಡು ಮನೆಯ ನಡುವೆ ಹೋಗಿಬರುವುದು ನಿಂತಿತು. ರಂಗಪ್ಪ ಹೆಂಡತಿಯೊಡನೆ ಮಾತು ಬಿಟ್ಟ. "ಕಾಫಿ ಬೇಕಾ ಕೇಳು" ಎಂದು ಅವಳು, "ಬ್ಯಾಡ ಅನ್ನು" ಎಂದು ಅವನು. ನಡುವೆ ವನಜಾಕ್ಷಿಯೇ ಅಂಚೆಯವಳು. ಹಕ್ಕಿನ ಹುಡುಗಿಯನ್ನು ಬಿಟ್ಟು ಹೊರಗಿನವಳಾದ ತನ್ನನ್ನು ಯಾಕೆ ತಂದರು? ಅಷ್ಟು ದೊಡ್ಡ ಅವಮಾನಕ್ಕೆ ಭೂತಮ್ಮ ಯಾಕೆ ಒಂದು ಮಾತೂ ಆಡಲಿಲ್ಲ? ಈ ಹುಳ ವನಜಾಕ್ಷಿಯ ತಲೆಯನ್ನು ಈ ಮನೆಗೆ ಬಂದಂದಿನಿಂದಲೂ ಕೊರೆಯುತ್ತಿತ್ತು.

ತಿಪಟೂರಿನ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಗಂಭೀರರಾದರು. "ಮುಟ್ಟು ನಿಂತ ಮೇಲೆ ಒಂದು ತೊಟ್ಟು ರಕ್ತ ಕಂಡ್ರೂ ಬಂದು ತೋರಿಸ್ಬೇಕಮ್ಮ" ಎಂದು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್! ಪುಣ್ಯಕ್ಕೆ ಇನ್ನೂ ಹೊರಗೆ ಹರಡಿರಲಿಲ್ಲ. ಆಪರೇಷನ್ ಮಾಡಿ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯಬೇಕೆಂದರು.

ಆಪರೇಷನ್‌ಗೆ ಮುಂಚೆ ದಾನೇಶ್ವರಿ ಎಂಬ ಎಳೆಯ ಡಾಕ್ಟರೊಬ್ಬರು ಬಂದರು. ಹೆಂಗಸರ ಕ್ಯಾನ್ಸರ್ ಬಗ್ಗೆ ಅವರು ಸಂಶೋಧನೆ ಮಾಡುತ್ತಿದ್ದರು. ತೆಗೆದದ್ದರಲ್ಲಿ ಒಂದು ಚೂರನ್ನೂ, ಸ್ವಲ್ಪ ರಕ್ತವನ್ನೂ ಸಂಶೋಧನೆಗೆ ಕೊಡುವಿರಾ ಎಂದು ಕೇಳಿದರು. ಪುನೀತ ಬೇಡವೆಂದು ತಲೆಯಾಡಿಸುವಷ್ಟರಲ್ಲಿ ತಿಮ್ಮಕ್ಕ ಪೆನ್ನು ಇಸಿದುಕೊಂಡಿದ್ದಳು.

"ಕೊಡ್ತೀನಿ. ಆದ್ರೆ ಒಂದು ಮಾತು. ನನ್ನ ಮಕ್ಳು ಒಂಬತ್ತು ತಿಂಗ್ಳು ಇದ್ದ ಮನೆ ಅದು. ಅದ್ರಲ್ಲಿ ಏನು ಕಂಡ್ರಿ ಅಂತ ನಂಗೂ ತೋರಿಸ್ಬೇಕು!"

ದಾನೇಶ್ವರಿ ಕೊಟ್ಟ ಮಾತು ಮರೆಯಲಿಲ್ಲ. ಆಪರೇಷನ್ ಆಗಿ ಆರು ವಾರಕ್ಕೆ ತಪಾಸಣೆಗೆ ಹೋದಾಗ ಅತ್ತೆ ಸೊಸೆ ಇಬ್ಬರನ್ನೂ ತಮ್ಮ ಕೋಣೆಗೆ ಕರೆದೊಯ್ದರು. ರಂಗಪ್ಪ ಎಂದಿನಂತೆ ಬಾಗಿಲಾಚೆಯ ಬೆಂಚಿನ ಮೇಲೆ ಮುಖ ತಿರುಗಿಸಿ ಕೂತ. ತಿಮ್ಮಕ್ಕ ಒಂದು ಕಣ್ಣು ಮುಚ್ಚಿ ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು.

"ಇದು ಬೇರೊಬ್ಬರದು. ಕಂದು ಚುಕ್ಕಿ ಕಾಣ್ತಿದೆಯಾ ಅಮ್ಮ?"

"ಕಾಣ್ತದೆ. ರಾಗಿ ಚೆಲ್ದಂಗೆ."

"ಈಗ ನೋಡಿ, ಇದು ನಿಮ್ಮ ಗೆಡ್ಡೆಯದು."

"ಅಯ್ಯೋ, ಇದ್ರಲ್ಲಿ ಒಂದೂ ಇಲ್ವಲ್ಲ! ಯಾಕೆ?"

"ನಮ್ಮ ಮೈಯಲ್ಲಿ ದಿನಾ ಹೊಸ ಜೀವಕಣ ಹುಟ್ತಾ ಇರುತ್ತೆ. ಹುಟ್ಟುವಾಗ ಅಲ್ಲೊಂದು ಇಲ್ಲೊಂದು ತಪ್ಪಾಗುತ್ತೆ. ಆ ತಪ್ಪು ತಿದ್ದೋದಕ್ಕೆ ಅಂತಲೇ ಕೆಲವು ವಸ್ತುಗಳಿವೆ. ಆ ಕಂದು ಚುಕ್ಕಿ ಅಂಥದ್ದೊಂದರ ಗುರುತು. ನಿಮ್ಮ ಗೆಡ್ಡೆಯಲ್ಲಿ ಅದೇ ಇಲ್ಲ. ರಕ್ತದಲ್ಲೂ ನೋಡಿದ್ವಿ. ಈ ಕೊರತೆ ನಿಮಗೆ ಹುಟ್ಟಿನಿಂದ, ಹೆತ್ತವರಿಂದ ಬಂದದ್ದು. ನಿಮ್ಮ ತವರಲ್ಲಿ ಯಾರಿಗಾದ್ರೂ ಹೀಗಾಗಿತ್ತಾ?"

ತಿಮ್ಮಕ್ಕ ಬೆರಳು ಮಡಿಸಿ ಎಣಿಸಿದಳು. "ನಮ್ಮವ್ವ ಐವತ್ತಕ್ಕೆ ರಕ್ತ ಹೋಗಿ ಹೋಗಿ ಸತ್ಲು. ಅಕ್ಕ ನಲವತ್ತಾರಕ್ಕೆ. ಅಣ್ಣ ಮಾರಯ್ಯಂಗೆ ಕರುಳಲ್ಲಿ ಗೆಡ್ಡೆ. ತುರುವೇಕೆರೆ ಕಡೆ ಎಲ್ರೂ ಹಾವಿನ ಶಾಪ ಅಂದ್ರು. ನಾಗರಕಲ್ಲು ನಿಲ್ಲಿಸಿದ್ವಿ."

"ಹಾವಲ್ಲಮ್ಮ... ಇದೇ," ಎಂದು ದಾನೇಶ್ವರಿ ಬಿಳಿ ಹಾಳೆಯೊಂದನ್ನು ಹರಡಿ ವಂಶದ ನಕ್ಷೆ ಬರೆಯತೊಡಗಿದರು. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ. ಅವ್ವ, ಅಕ್ಕ, ಅಣ್ಣ ಎಲ್ಲರೂ ಒಬ್ಬೊಬ್ಬರಾಗಿ ಹಾಳೆಗೆ ಇಳಿದರು. ತಿಮ್ಮಕ್ಕ ಕುತೂಹಲದಿಂದ ಬಗ್ಗಿ ಬಗ್ಗಿ ನೋಡುತ್ತಿದ್ದಳು.

"ನಿಮಗೆ ಮಕ್ಕಳೆಷ್ಟು?"

"ಪುನೀತ. ಆಮೇಲೆ ಒಂದು ಹೆಣ್ಣು... ಹುಟ್ಟಿದ ದಿನವೇ ಹೋಯ್ತು."

ದಾನೇಶ್ವರಿ ಒಂದು ಸೊನ್ನೆ ಬರೆದು ಅದರ ಮೇಲೆ ಓರೆಯಾಗಿ ಗೆರೆ ಎಳೆದರು. ತಿಮ್ಮಕ್ಕ ಬೆಚ್ಚಿಬಿದ್ದಳು.

"ಯಾಕವ್ವ ಅಡ್ಡಗೆರೆ ಎಳೆದೆ?"

"ತೀರಿಕೊಂಡವರಿಗೆ ಹಾಗೇ ಗುರುತು ಹಾಕ್ತೀವಮ್ಮ."

ತಿಮ್ಮಕ್ಕ ಆ ಗೆರೆಯ ಮೇಲೆ ಬೆರಳಿಟ್ಟು ಉಜ್ಜಿದಳು. ಶಾಯಿ ಹೋಗಲಿಲ್ಲ.

"ಇದು ಮಕ್ಕಳಿಗೆ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ," ದಾನೇಶ್ವರಿ ಮುಂದುವರಿಸಿದರು. "ಪುನೀತ್ ಅವರು ರಕ್ತ ಕೊಡಲಿ. ಬಂದಿದ್ರೂ ಹೆದರಬೇಡಿ. ವರ್ಷಾ ವರ್ಷಾ ಪರೀಕ್ಷೆ ಮಾಡಿಸ್ತಾ ಇದ್ರೆ ಬಹಳಷ್ಟು ಸಲ ಮೊಳಕೆಯಲ್ಲೇ ಹಿಡೀಬಹುದು. ಗೊತ್ತಿಲ್ಲದೆ ಇರೋದೇ ಅಪಾಯ."

"ಮೇಡಂ..." ತಿಮ್ಮಕ್ಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಾವು ತೆಂಗಿನ ಸಸಿ ಮಾಡೋವಾಗ ತಾಯಿಮರ ನೋಡಿ ಬೀಜದ ಕಾಯಿ ಇಳಿಸ್ತೀವಿ. ಆ ಸಸೀನ ಎಳೇದ್ರಲ್ಲೇ ಕಿತ್ತು ಬೇರೆಯೋರ ತೋಟದಲ್ಲಿ ನೆಟ್ಟು, ಅವ್ರೇ ನೀರು ಗೊಬ್ಬರ ಹಾಕಿ ಬೆಳೆಸಿದ್ರೆ... ಆಗ್ಲೂ ತಾಯಿಮರದ ರೋಗ ಅದಕ್ಕೆ ಬತ್ತದಾ?"

"ಎಲ್ಲಿ ನೆಟ್ರೂ ತಾಯಿಮರದ ಗುಣ ಹೋಗುತ್ತಾ ಅಮ್ಮ?"

ತಿಮ್ಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೂ ಆ ಅಳು ಹೊರಬಂತು! ವನಜಾಕ್ಷಿಯ ತಲೆಯಲ್ಲಿ ಒಂಬತ್ತು ವರ್ಷದ ಹುಳ ಒಮ್ಮೆಲೇ ಸುಮ್ಮನಾಯಿತು.

"ಅತ್ತೆ... ಆ ಮಗು ಸತ್ತಿಲ್ಲ ಅಲ್ವಾ? ಜೀವಿತಾ... ಜೀವಿತಾ ನಿಮ್ಮ ಮಗಳು!"

"ಹೂಂ ಕಣೇ!" ತಿಮ್ಮಕ್ಕ ಎದೆ ಎದೆ ಬಡಿದುಕೊಂಡಳು. "ಭೂತಮ್ಮ ಹೆರಿಗೆಗೆ ತವರು ಅಂತ ನಮ್ಮನೆಗೇ ಬಂದಿದ್ಲು. ಅವಳ್ದೂ ನಂದೂ ಒಂದೇ ದಿನ ಹೆರಿಗೆ. ಅವಳಿಗೆ ಅದು ಮೂರನೇದು, ಅದೂ ಉಸಿರಿಲ್ದೆ ಹುಟ್ತು. ಈ ಸಲವೂ ಮಗು ಉಳೀದಿದ್ರೆ ಇನ್ನೊಂದು ಮದುವೆ ಆಗ್ತೀನಿ ಅಂತ ಅವಳ ಗಂಡ ಕೂತಿದ್ದ. ಅವಳು ಬಾವಿಗೆ ಬೀಳ್ತೀನಿ ಅಂತ ಎದ್ದೋದ್ಲು... ನಂಗೆ ಆಗ್ಲೇ ಪುನೀತ ಇದ್ದ. ಅವಳ ಮಡಿಲಿಗೆ ನನ್ನ ಕೂಸು ಹಾಕ್ಬುಟ್ಟೆ. ಸೂಲಗಿತ್ತಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಸತ್ರೂ ಬಾಯಿ ಬಿಡಕ್ಕಿಲ್ಲ ಅಂತ ಸಂಪಿಗೆ ಶ್ರೀನಿವಾಸ ದೇವ್ರ ಮುಂದೆ ಭಾಷೆ ಕೊಟ್ಟೆ. ಆಮೇಲೆ ಹಿರೀಕರೆಲ್ಲ ಸೇರಿ ಅಣ್ಣಂಗೂ ತಂಗಿಗೂ ಮದುವೆ ಮಾಡಕ್ಕೆ ಹೊರಟ್ರೆ, ಭೂತಮ್ಮಂಗೆ ಗಂಡನ ಭಯ, ನಂಗೆ ಭಾಷೆ, ನಾನೇನು ಮಾಡ್ಲಿ? ಕೆಟ್ಟೋಳು ನಾನೇ ಆಗ್ಲಿ ಅಂದ್ಕಂಡೆ..."

ಬಾಗಿಲಲ್ಲಿ ಸದ್ದಾಯಿತು. ರಂಗಪ್ಪ ಚೌಕಟ್ಟು ಹಿಡಿದು ನಿಂತಿದ್ದ. ಅವನ ಹೆಗಲ ಟವೆಲ್ಲು ಜಾರಿ ನೆಲಕ್ಕೆ ಬಿದ್ದಿತ್ತು.

"ಲೇ ತಿಮ್ಮಿ..." ಹತ್ತು ವರ್ಷದ ಮೇಲೆ ಅವನು ಹೆಂಡತಿಯನ್ನು ಕರೆದ ಮೊದಲ ಮಾತು ಅದು! "ನಂಗಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಮಗಳನ್ನ ತಂದ್ಬುಡ್ತಿದ್ರಿ. ನಿಮ್ಮ ತಂಗಿ ಉಳೀತಿರ್ಲಿಲ್ಲ."

ರಂಗಪ್ಪ ಒಳಗೆ ಬಂದು ಹೆಂಡತಿಯ ಪಕ್ಕ ಕೂತ. ಬೇರೆಯವರ ಮಾನ ಕಾಯಲು ಬೈಸಿಕೊಂಡು ಬದುಕುವವರು ನಮ್ಮ ಮನೆಗಳಲ್ಲಿ ಎಷ್ಟು ಜನರಿದ್ದಾರೋ, ಲೆಕ್ಕ ಇಟ್ಟವರಾರು!

ಮಾರನೆಯ ದಿನವೇ ಮೂವರೂ ಚಿಕ್ಕನಾಯಕನಹಳ್ಳಿಗೆ ಹೋದರು. ವಿಧವೆ ಭೂತಮ್ಮ ಮಗಳು ಅಳಿಯನ ಜೊತೆ ಅಲ್ಲೇ ಇದ್ದಳು. ಅತ್ತಿಗೆಯನ್ನು ಕಂಡದ್ದೇ ಅವಳ ಮುಖ ಬಿಳಿಚಿಕೊಂಡಿತು. ತಿಮ್ಮಕ್ಕ ಅಡುಗೆಮನೆಯಲ್ಲಿ ಅವಳೊಬ್ಬಳಿಗೇ ಎಲ್ಲ ಹೇಳಿದಳು.

"ಮೂವತ್ತೆರಡು ವರ್ಷ ಆದ್ಮೇಲೆ ಭಾಷೆ ಮುರೀತೀಯಾ ಅತ್ತಿಗೆ? ನನ್ನ ಮಗಳನ್ನ ಕಿತ್ಕಳಕ್ಕೆ ಬಂದ್ಯಾ?"

"ಕೇಳಕ್ಕೆ ಬಂದಿಲ್ಲ ಕಣೇ ಭೂತಮ್ಮ, ಉಳಿಸ್ಕೋ ಅನ್ನಕ್ಕೆ ಬಂದೆ! ನಿನ್ನ ಮಗಳು ಅಂತ್ಲೇ ಇರ್ಲಿ. ಹೆಂಗಾದ್ರೂ ಮಾಡಿ ಅವಳಿಗೆ ಪರೀಕ್ಷೆ ಮಾಡಿಸು, ನಾನು ಮತ್ತೆ ಈ ಕಡೆ ತಲೆ ಹಾಕಲ್ಲ."

ಭೂತಮ್ಮ ಒಲೆಯ ಮುಂದೆ ಕುಸಿದು ಕೂತಳು. ಹಾಲು ಉಕ್ಕಿ ಚೆಲ್ಲಿದರೂ ಇಬ್ಬರೂ ಏಳಲಿಲ್ಲ. ಕಡೆಗೆ ಅವಳೇ ಕಣ್ಣೊರೆಸಿಕೊಂಡು ನಡುಮನೆಗೆ ಬಂದು ಮಗಳ ಎರಡೂ ಕೈ ಹಿಡಿದುಕೊಂಡಳು. ಹೇಳಲಾರದೆ ಹೇಳಲಾರದೆ, ಎಲ್ಲವನ್ನೂ ಹೇಳಿದಳು.

ಜೀವಿತಾ ಅಳಲಿಲ್ಲ. ತಿಮ್ಮಕ್ಕನನ್ನೇ ನೋಡುತ್ತ ಕೇಳಿದಳು, "ಹಂಗಾದ್ರೆ ಅವತ್ತು ನನ್ನನ್ನ ಕರಿ ಮೂತಿ ಅಂದಿದ್ದು?"

"ನನ್ನ ಮೂತಿ ನೋಡವ್ವ..." ತಿಮ್ಮಕ್ಕ ಅಂದಳು, "ನಿನ್ನ ಮೂತಿ ಎಲ್ಲಿಂದ ಬಂತು ಅಂತ ಯಾರಾದ್ರೂ ನೋಡ್ಬುಡ್ತಾರೆ ಅಂತ ಮೂವತ್ತೆರಡು ವರ್ಷ ಹೆದರ್ಕಂಡೇ ಬದುಕಿದೆ."

ಜೀವಿತಾ ಆಗ ಅತ್ತಳು.

ಪುನೀತನ ರಕ್ತದಲ್ಲಿ ದೋಷವಿರಲಿಲ್ಲ. ಜೀವಿತಾಳ ರಕ್ತದಲ್ಲಿತ್ತು. ಗರ್ಭಕೋಶದ ಒಳಪದರವನ್ನು ಪರೀಕ್ಷಿಸಿದಾಗ ಅಲ್ಲಿ ಕ್ಯಾನ್ಸರ್ ಇರಲಿಲ್ಲ, ಆದರೆ ಅದರತ್ತ ಹೊರಟ ಜೀವಕಣಗಳಿದ್ದವು. ಇಬ್ಬರು ಮಕ್ಕಳ ತಾಯಿ ಅವಳು. ವೈದ್ಯರೊಡನೆ ಮಾತಾಡಿ, ಯೋಚಿಸಿ, ಗರ್ಭಕೋಶ ತೆಗೆಸಲು ಒಪ್ಪಿದಳು. ಇನ್ನೆರಡು ವರ್ಷ ಬಿಟ್ಟು ಬಂದಿದ್ದರೆ ಏನಾಗುತ್ತಿತ್ತೋ ಎಂದು ದಾನೇಶ್ವರಿ ಹೇಳಿದಾಗ ಭೂತಮ್ಮ ಅತ್ತಿಗೆಯ ಕೈ ಹಿಡಿದುಕೊಂಡಳು.

ದಾನೇಶ್ವರಿ ಹೊಸ ಹಾಳೆಯಲ್ಲಿ ನಕ್ಷೆಯನ್ನು ಮತ್ತೆ ಬರೆದರು. ಈ ಸಲ ಸೊನ್ನೆಯ ಮೇಲೆ ಅಡ್ಡಗೆರೆ ಇರಲಿಲ್ಲ. ತಿಮ್ಮಕ್ಕನಿಂದ ಅದಕ್ಕೆ ಒಂದು ಗಟ್ಟಿ ಗೆರೆ ಇಳಿಯಿತು. ಭೂತಮ್ಮ ಇಣುಕಿ ನೋಡಿ ಮೆಲ್ಲಗೆ ಕೇಳಿದಳು, "ಇದ್ರಲ್ಲಿ ನಾನೆಲ್ಲಿ ಮೇಡಂ?"

"ಸಾಕಿದ ತಾಯಿಗೆ ಹೀಗೆ ಬಿಡಿ ಬಿಡಿ ಗೆರೆ ಹಾಕ್ತೀವಿ."

ಭೂತಮ್ಮ ತಲೆ ತಗ್ಗಿಸಿದಳು. ತಿಮ್ಮಕ್ಕ ಅದನ್ನು ನೋಡಿದಳು.

"ಅವಳ ಗೆರೆ ಗಟ್ಟಿಯಾಗಿ ಎಳೀರಿ ಮೇಡಂ. ನಂದು ಬೇಕಾದ್ರೆ ಬಿಡಿ ಬಿಡಿಯಾಗಿರ್ಲಿ."

"ಹಾಗೆ ಮಾಡಿದ್ರೆ ನಕ್ಷೆ ತಪ್ಪಾಗುತ್ತೆ ಅಮ್ಮ. ನಾಳೆ ನೋಡೋ ಡಾಕ್ಟ್ರಿಗೆ ರಕ್ತ ಯಾರದು ಅಂತ ಗೊತ್ತಾಗಬೇಕಲ್ಲ?"

"ಹಂಗಾದ್ರೆ ಎರಡೂ ಗಟ್ಟಿ ಎಳೆದು, ರಕ್ತ ನಂದು ಅಂತ ಪಕ್ಕದಲ್ಲಿ ಬರೀರಿ!"

ದಾನೇಶ್ವರಿ ನಕ್ಕು, ಹಾಗೇ ಮಾಡಿದರು.

ಹೊರಗೆ ರಂಗಪ್ಪ, ಪುನೀತ, ವನಜಾಕ್ಷಿ ಕಾಯುತ್ತಿದ್ದರು. ಬಾಗಿಲ ಬಳಿ ಜೀವಿತಾ ತಾನಾಗಿಯೇ ತಿಮ್ಮಕ್ಕನ ಪಕ್ಕಕ್ಕೆ ಬಂದಳು. ಇನ್ನೂ ಏನೆಂದು ಕರೆಯುವುದೆಂದು ಅವಳು ತೀರ್ಮಾನಿಸಿರಲಿಲ್ಲ. ಅವ್ವ ಎಂಬ ಒಂದು ಪದಕ್ಕಾಗಿ ತಿಮ್ಮಕ್ಕ ಮೂರು ತಿಂಗಳಿಂದ ಕಾದಿದ್ದಳು. ಒಂದು ಗಳಿಗೆ ಜೀವಿತಾಳ ತುಟಿ ಅಲುಗಿತು. ಅವಳ ಕಣ್ಣು ಮುಂದೆ ನಡೆಯುತ್ತಿದ್ದ ಭೂತಮ್ಮನ ಬಾಗಿದ ಬೆನ್ನಿನ ಮೇಲೆ ನಿಂತಿತು.

"ಮೆಟ್ಲು ಐತೆ, ಕೈ ಹಿಡ್ಕಳಿ... ಅತ್ತೆ," ಎಂದಳು.

"ಹೂಂ ಕಣವ್ವ," ಎಂದು ತಿಮ್ಮಕ್ಕ ಮಗಳ ಕೈ ಹಿಡಿದುಕೊಂಡಳು.