ಹೆಬ್ಬೆರಳಿನ ಜಾಗ

"ಈ ಆಕಾರದಲ್ಲಿ ಮಾಡಿದ್ರೆ ನಿಮ್ಮ ಚಮಚದ ಹಿಡಿ ಅಚ್ಚಿನಿಂದ ಹೊರಗೇ ಬರಲ್ಲ," ಎಂದಳು ಅವಳು.

"ಬರೋ ಹಾಗೆ ಮಾಡೋದು ನೀವೊಬ್ಬರೇ ಅಂತ ಕೇಳಿಯೇ ಬಂದಿದ್ದು," ಎಂದ ಅವನು.

ಅವನು ಫಿಸಿಯೋಥೆರಪಿಸ್ಟ್. ಮೇಜಿನ ಮೇಲಿಟ್ಟದ್ದು ತಾನೇ ಕೆತ್ತಿದ ಮರದ ಹಿಡಿ. ದಪ್ಪಗೆ, ಕೊಂಚ ಬಾಗಿ, ಒಂದು ಪಕ್ಕಕ್ಕೆ ಉಬ್ಬಿದ ಅಂಚಿನಂಥ ಸಣ್ಣ ಏಣು. ಕೈಯಲ್ಲಿ ಬಲವಿಲ್ಲದವರಿಗಾಗಿ ಅಂಥವನ್ನು ಪ್ಲಾಸ್ಟಿಕ್‌ನಲ್ಲಿ ಸಾವಿರಗಟ್ಟಲೆ ಮಾಡಿಸಬೇಕೆಂಬುದು ಅವನ ಹಂಬಲ. ಅದಕ್ಕೆ ಮೊದಲು ಉಕ್ಕಿನ ಅಚ್ಚು ಬೇಕು.

ಆ ಕೆಲಸದಲ್ಲಿ ಅವಳದು ಎತ್ತಿದ ಕೈ. ಅಪ್ಪನ ವರ್ಕ್‌ಶಾಪನ್ನು ಈಗ ಅವಳೇ ನಡೆಸುತ್ತಿದ್ದಳು. ಕೂದಲೆಳೆಯ ವ್ಯತ್ಯಾಸವನ್ನೂ ಬಿಡದ ಅವಳಿಗೆ ಕೆಲಸಗಾರರು 'ಮೈಕ್ರಾನ್ ಮೇಡಂ' ಎಂದು ಹೆಸರಿಟ್ಟಿದ್ದರು. ಕಿವಿಗೆ ಬಿದ್ದಾಗ ಸಿಟ್ಟಾದಂತೆ ನಟಿಸಿ, ಒಳಗೊಳಗೇ ಬೀಗುತ್ತಿದ್ದಳು.

ಕೆಲಸ ಎಲ್ಲಿಗೆ ಬಂತೆಂದು ನೋಡಲು ಅವನು ಆಗಾಗ ಬರತೊಡಗಿದ. ಮೆಷಿನ್ನುಗಳ ಸದ್ದಿನ ನಡುವೆ ನಿಂತು, ಅವಳು ಉಕ್ಕು ಕೊರೆಯುವುದನ್ನು ಎವೆಯಿಕ್ಕದೆ ನೋಡುತ್ತಿದ್ದ.

'ನೋಡ್ತಿರೋದು ಉಕ್ಕನ್ನೋ, ನನ್ನನ್ನೋ...' ಅವಳ ಎದೆ ಅವಳದೇ ಮಾತು ಕೇಳುತ್ತಿರಲಿಲ್ಲ.

ಅಚ್ಚಿನಿಂದ ಮೊದಲ ಹಿಡಿ ಹೊರಬಂದ ದಿನ ಅವನನ್ನು ಕರೆಸಿದಳು. ಅದು ಕನ್ನಡಿಯಂತೆ ನುಣುಪಾಗಿತ್ತು. ಅವನು ತಿರುಗಿಸಿ ನೋಡಿದ. ಮುಖ ಸಪ್ಪಗಾಯಿತು.

"ಏಣು ಎಲ್ಲಿ?"

ಅದಿದ್ದರೆ ಅಚ್ಚು ತೆರೆಯುವಾಗ ಹಿಡಿ ಸಿಕ್ಕಿಕೊಳ್ಳುತ್ತದೆ, ಹೇಗೂ ಬರೀ ಅಲಂಕಾರವಲ್ಲವೇ ಎಂದು ತೆಗೆದೆ ಎಂದಳು. ಹೆಮ್ಮೆಯಿಂದಲೇ ಹೇಳಿದಳು.

"ನನ್ನ ಒಂದು ಮಾತು ಕೇಳಬಹುದಿತ್ತು," ಎಂದಷ್ಟೇ ಹೇಳಿ, ಹಿಡಿಯನ್ನು ಅಲ್ಲೇ ಇಟ್ಟು ಹೊರಟುಹೋದ.

ಅವಳಿಗೆ ಅವಮಾನವಾಯಿತು. 'ಇಷ್ಟು ಕೆಲಸದಲ್ಲಿ ಅವನಿಗೆ ಕಂಡಿದ್ದು ಇಲ್ಲದ ಏಣು ಮಾತ್ರ...' ಅವನು ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ.

ಮಗಳು ಎರಡು ತುತ್ತಿಗೇ ಕೈ ತೊಳೆಯುವುದನ್ನು ಕೆಲವು ದಿನ ನೋಡಿದ ಅಪ್ಪ, ಕೊನೆಗೆ ನಡೆದದ್ದನ್ನೆಲ್ಲ ಅವಳಿಂದ ಹೇಳಿಸಿಕೊಂಡು ಕೇಳಿದರು:

"ಆ ಏಣು ಯಾಕೆ ಬೇಕು ಅಂತ ನೀನು ಕೇಳಿದ್ಯಾ ಮಗಳೇ?"

ಕೇಳಿರಲಿಲ್ಲ.

ಮರುದಿನ ಆ ನುಣುಪು ಹಿಡಿಗೆ ಚಮಚ ಸೇರಿಸಿಕೊಂಡು ಅವನ ಮನೆಗೇ ಹೋದಳು. ಅವನಿರಲಿಲ್ಲ. ಬಾಗಿಲು ತೆರೆದದ್ದು ಅವನನ್ನು ಸಾಕಿ ಬೆಳೆಸಿದ ದೊಡ್ಡಮ್ಮ. ಪಾರ್ಶ್ವವಾಯು ಬಡಿದ ಅವರ ಬಲಗೈ ಅರೆಬರೆ ಮಡಚಿಕೊಂಡಿತ್ತು. ಮೇಜಿನ ಮೇಲೆ ಊಟದ ತಟ್ಟೆ, ಅದರಲ್ಲಿ ಅವನೇ ಕೆತ್ತಿದ ಅಂಥದೇ ಇನ್ನೊಂದು ಮರದ ಹಿಡಿಯ ಚಮಚ.

ಅವಳು ತಂದದ್ದನ್ನು ದೊಡ್ಡಮ್ಮ ಹಿಡಿದು ನೋಡಿದರು. ತುತ್ತು ಬಾಯಿ ಮುಟ್ಟುವ ಮೊದಲೇ ಚಮಚ ಹೊರಳಿ ಅನ್ನ ಮಡಿಲಿಗೆ ಬಿತ್ತು. ಮರದ್ದನ್ನು ಹಿಡಿದಾಗ ಹೆಬ್ಬೆರಳು ಏಣಿನ ಮೇಲೆ ಒತ್ತಿ ನಿಂತಿತು. ಒಂದು ಅಗುಳೂ ಚೆಲ್ಲಲಿಲ್ಲ.

"ನಿಂದು ನೋಡೋಕೆ ಚೆಂದ ಕಣಮ್ಮ, ಫೋಟೋದಲ್ಲಿರೋ ಮದುವೆ ಗಂಡಿನ ಹಾಗೆ," ಎಂದು ನಕ್ಕರು ದೊಡ್ಡಮ್ಮ. ತಮ್ಮ ಕೈಯ ವಿಷಯ ಯಾರಿಗೂ ಹೇಳಕೂಡದೆಂದು ಅವನಿಂದ ಮಾತು ತೆಗೆದುಕೊಂಡಿದ್ದವರು ತಾವೇ ಎಂದೂ ಹೇಳಿದರು. ಬೇರೆಯವರೆದುರು ಅವರು ಊಟಕ್ಕೆ ಕೂತು ವರ್ಷಗಳಾಗಿದ್ದವು.

ಅವಳು ಕಣ್ಣೊರೆಸಿಕೊಂಡು ನೇರ ವರ್ಕ್‌ಶಾಪಿಗೆ ಬಂದಳು. ಅಚ್ಚು ತೆರೆಯುವಾಗ ಪಕ್ಕಕ್ಕೆ ಸರಿಯುವ ಉಕ್ಕಿನ ತುಂಡೊಂದನ್ನು ಸೇರಿಸಿದರೆ ಏಣು ಸಿಕ್ಕಿಕೊಳ್ಳದು. ಕೆಲಸ ಕಷ್ಟದ್ದು. ಎರಡು ಸಲ ಕೆಟ್ಟಿತು. ಮೂರನೆಯ ಸಲ ಕೂತಿತು.

ಅವನನ್ನೂ ದೊಡ್ಡಮ್ಮನನ್ನೂ ಮಧ್ಯಾಹ್ನದ ಊಟದ ಹೊತ್ತಿಗೆ ಕರೆಸಿದಳು. ಮೆಷಿನ್ ತೆರೆಯಿತು, ಇನ್ನೂ ಬೆಚ್ಚಗಿದ್ದ ಹಿಡಿ ಏಣಿನ ಸಮೇತ ಅವಳ ಅಂಗೈಗೆ ಬಿತ್ತು. ಚಮಚ ಸೇರಿಸಿ ದೊಡ್ಡಮ್ಮನಿಗೆ ಕೊಟ್ಟಳು.

ದೊಡ್ಡಮ್ಮ ಹೆಬ್ಬೆರಳನ್ನು ಏಣಿನ ಮೇಲೆ ಒತ್ತಿ ನೋಡಿದರು. ಆಮೇಲೆ ಕೆಲಸಗಾರರ ಉದ್ದನೆಯ ಮೇಜಿಗೆ ನಡೆದು, ಎಲ್ಲರ ನಡುವೆ ಕೂತು, ತಲೆಯೆತ್ತಿಕೊಂಡು ಊಟ ಮಾಡಿದರು. ಅಪ್ಪ ಮಗಳ ಬೆನ್ನು ತಟ್ಟಿದರು.

ಅವನು ಅವಳ ಪಕ್ಕಕ್ಕೆ ಬಂದು ನಿಂತ.

"ಕೇಳದೆ ತೆಗೆದಿದ್ದು ನನ್ನ ತಪ್ಪು," ಎಂದಳು.

"ಯಾಕೆ ಬೇಕು ಅಂತ ಹೇಳದೇ ಇದ್ದಿದ್ದು ನಂದು." ಅವನು ಅವಳತ್ತ ತಿರುಗಿದ. "ಅಚ್ಚು ಮುಗೀತು. ಆದ್ರೆ ನಿಮ್ಮನ್ನ ನೋಡದೆ ಇರೋಕೆ ನನಗಾಗಲ್ಲ... ನಾಳೆಯೂ ಬರಲಾ?"

ಅವಳು ಊಟದ ಮೇಜಿನಿಂದ ಒಂದು ಕುರ್ಚಿ ಎಳೆದಳು.

"ಇವತ್ತು ಹೋದ್ರೆ ತಾನೆ ನಾಳೆ ಬರೋದು... ಕೂತ್ಕೊಳ್ಳಿ."