ಜಮಖಾನದ ಮೇಲೆ ಉರುಳಿದ ಲೋಟ

ಚಾಪೆಯ ಮೇಲೆ ಬೋರಲು ಮಲಗಿದ್ದ ಕನಕ, ಸೀರೆಯ ಪರದೆಯಾಚೆಯ ದನಿ ಕೇಳಿ ಉಸಿರು ಬಿಗಿಹಿಡಿದಳು.

"ಇನ್ನೊಂದ್ ಸಲ ಎದೆ ಎತ್ತಕ್ಕಾಗಲ್ಲಮ್ಮ... ಸೊಂಟ ಇಡ್ಕಂಡೈತೆ."

ಕೋದಂಡಪ್ಪ! ಬಂಗಾರಪೇಟೆಯಿಂದ ತನ್ನನ್ನು ನೋಡಲು ಬಂದಿದ್ದ ಗಂಡು. ಅವನೆದುರು ಮಾನ ಹೋಗಿ ಮೂರು ತಿಂಗಳೂ ಆಗಿರಲಿಲ್ಲ.

ನರ್ಸಾಗಿ ನಿವೃತ್ತರಾದ ಅಮ್ಮಾಜಮ್ಮ, ರಾಬರ್ಟ್‌ಸನ್‌ಪೇಟೆಯ ತಮ್ಮ ಮನೆಯಲ್ಲಿ ಸೊಂಟನೋವಿನವರಿಗೆ ವ್ಯಾಯಾಮ ಕಲಿಸುತ್ತಿದ್ದರು. ಪರದೆಯ ಈಚೆ ಹೆಂಗಸರು, ಆಚೆ ಗಂಡಸರು. ತನ್ನೂರು ಕ್ಯಾಸಂಬಳ್ಳಿಯಲ್ಲಿ ಬಸ್ಸು ಹತ್ತುವಾಗ ಯಾರಾದರೂ ಕೇಳಿದರೆ ಕನಕ ಟೈಲರಿಂಗ್ ಕ್ಲಾಸ್ ಎನ್ನುತ್ತಿದ್ದಳು. ಮದುವೆಯಾಗದ ಹುಡುಗಿಗೆ ಸೊಂಟನೋವು ಎಂದರೆ ಊರಿನ ಬಾಯಿ ಸುಮ್ಮನಿರುತ್ತದೆಯೇ?

ಹೆಣ್ಣು ನೋಡಲು ಬಂದ ಅಂದು ಗಂಡಿನವರೆಲ್ಲ ಜಮಖಾನದ ಮೇಲೆ ಕೂತಿದ್ದರು. ಹಾಲು ಕೊಡಲು ಬಗ್ಗಿದ ಕನಕ ಮೇಲೇಳಲಾರದೇ ಹೋದಳು. ಐದು ಹಸು ಕರೆದು, ನೀರು ಹೊತ್ತು ಸೋತ ಸೊಂಟ ಅಲ್ಲೇ ಹಿಡಿದುಕೊಂಡಿತ್ತು. ಲೋಟ ಜಾರಿ ಅವನ ಮುಂದೆ ಉರುಳಿತು.

ಅವನು ಬಗ್ಗಲಿಲ್ಲ, ಕೈಯೂ ಚಾಚಲಿಲ್ಲ. ಗೋಡೆಗೊರಗಿ ಕೂತೇ ಇದ್ದ. ಆಮೇಲೆ ಅವರ ಕಡೆಯಿಂದ ಮಾತೇ ಬರಲಿಲ್ಲ.

ನನ್ನ ಕಂಡು ಹೇಸಿಕೊಂಡ... ಹಾಗೆಂದು ಹಸುವಿನ ಪಕ್ಕ ಕೂತು ಎಷ್ಟು ಸಲ ಅತ್ತಿದ್ದಳೋ!

ಈಗ ಇಲ್ಲೂ ಸಿಕ್ಕಿಬಿದ್ದರೆ? ಅವಳು ದಡಬಡಿಸಿ ಏಳಹೋದಳು.

"ಕನಕ, ಪಕ್ಕಕ್ಕೆ ತಿರುಗಿ ಕೈಯೂರಿ ಏಳ್ಬೇಕು ಅಂದಿಲ್ವಾ?" ಅಮ್ಮಾಜಮ್ಮ ಗದರಿದರು.

ಹೆಸರು ಕೇಳಿದ್ದೇ ಪರದೆಯಾಚೆ ಯಾರೋ ತಡವರಿಸಿ ಎದ್ದ ಸದ್ದಾಯಿತು.

ಅವಳು ಜಗಲಿಗೆ ಬರುವಷ್ಟರಲ್ಲಿ, ಅವನೂ ಗೋಡೆ ಹಿಡಿದು ಬಂದು ನಿಂತಿದ್ದ.

ಕನಕ ತಲೆಯೆತ್ತಲಿಲ್ಲ. "ನೋಡಿದ್ರಲ್ಲ, ಸೊಂಟ ಬಿದ್ದೋಳ್ನ. ಓಗಿ, ಎಲ್ರಿಗೂ ಏಳಿ."

"ಏನಂತ ಏಳ್ಲಿ?" ಅವನು ಅಂಗಿ ಸರಿಸಿ ಸೊಂಟದ ಅಗಲವಾದ ಬೆಲ್ಟು ತೋರಿಸಿದ. "ವ್ಯಾನಿಗೆ ಹಾಲಿನ ಕ್ಯಾನ್ ಎತ್ತಿ ಎತ್ತಿ ಇಂಗಾಯ್ತು. ಅವತ್ತು ಬಗ್ಗಿದ್ರೆ ನಾನೂ ನಿಮ್ ಪಕ್ಕದಲ್ಲೇ ಬೀಳ್ತಿದ್ದೆ. ಗಂಡಸಾಗಿ ಎಂಗೆ ಬಾಯ್ಬಿಡ್ಲಿ?"

ಅವನ ಕಣ್ಣು ತೇವವಾಗಿತ್ತು.

"ನಿಮ್ ನೋವು ನಂಗೊಬ್ಬನಿಗೇ ಗೊತ್ತಾಗಿದ್ದು. ಆದ್ರೂ ಸುಮ್ಕೆ ಕೂತಿದ್ದೆ. ಆ ನಾಚ್ಕೆಗೇ ತಿರುಗಿ ಬರಕ್ಕಾಗ್ಲಿಲ್ಲ."

ಇಷ್ಟು ದಿನ ತಾನೊಬ್ಬಳೇ ಹೊತ್ತಿದ್ದ ಅವಮಾನವನ್ನು ಇವನೂ ಹೊತ್ತು ತಿರುಗುತ್ತಿದ್ದ! ಸಿಟ್ಟು ಮಾಡಬೇಕೆಂದರೂ ಕನಕಳಿಗೆ ಆಗಲಿಲ್ಲ.

"ಮೊದ್ಲು ನಿಮ್ಮನೇಲಿ ಈ ಇಸ್ಯ ಏಳಿ," ಎಂದಳು ಮೆಲ್ಲಗೆ. "ನಮ್ಮನೇಲಿ ನಾನೂ ಏಳ್ತೀನಿ."

ಎರಡು ತಿಂಗಳು ಇಬ್ಬರೂ ಬಿಡದೆ ವ್ಯಾಯಾಮ ಮಾಡಿದರು. ಇಬ್ಬರೂ ಮನೆಯಲ್ಲಿ ಹೇಳಿದರೂ, ಹಿರಿಯರ ಮುಂದೆ ಈ ಮಾತೆತ್ತಬೇಡಿ ಎಂದು ಮನೆಯವರು ತಾಕೀತು ಮಾಡಿ, ಮತ್ತೆ ಹೆಣ್ಣು ನೋಡುವ ದಿನ ಗೊತ್ತುಮಾಡಿದರು. ಮತ್ತೆ ಅದೇ ಜಮಖಾನ, ಅದೇ ಹಿರಿಯರು. ಕನಕ ಹಾಲು ತಂದಾಗ ಕೋದಂಡಪ್ಪ ಎದ್ದು ನಿಂತ. ಹೆಣ್ಣಿನ ಮುಂದೆ ಗಂಡು ಏಳುವುದೇ? ಎಲ್ಲರೂ ಮುಖ ಮುಖ ನೋಡಿಕೊಂಡರು.

"ಅವ್ರು ಬಗ್ಗೋದು ಬ್ಯಾಡ," ಎಂದ. "ಇಬ್ರಿಗೂ ಸೊಂಟನೋವೈತೆ. ಮುಚ್ಚಿಡೋದು ಸಾಕು."

ತಬ್ಬಿಬ್ಬಾದ ಕನಕಳ ಕೈಯಿಂದ ಲೋಟ ಮತ್ತೆ ಜಾರಿತು.

ಅವನು ಬೆನ್ನು ನೆಟ್ಟಗಿಟ್ಟು, ಮೊಣಕಾಲು ಮಡಚಿ ನಿಧಾನವಾಗಿ ಕುಕ್ಕರುಗಾಲಲ್ಲಿ ಕೂತ. ಲೋಟ ಎತ್ತಿಕೊಂಡು ಹಾಗೇ ಎದ್ದ.

"ಸರಿಯಾಗಿ ಎತ್ತಿದ್ನಾ?"

ಕನಕ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. "ಮೊಣಕಾಲು ಇನ್ನೊಂಚೂರು ಮಡಚ್ಬೇಕಿತ್ತು."

"ದಿನಾ ಏಳ್ಕೊಡ್ತೀರಾ?"

"ಏಳ್ಕೊಡ್ತೀನಿ," ಎಂದಳು ಕನಕ, ಎಲ್ಲರಿಗೂ ಕೇಳುವಂತೆ.