ಹಿಂದಿನ ಸಣ್ಣ ಸೀಟು

“ಎರಡರಾಗ ಯಾವ ಗಾಡೀನೂ ನಿಮಗ ಮಾರೂದಿಲ್ರಿ.”

ಇಷ್ಟು ಹೇಳಿ ಸುಹಾಸ ಎರಡೂ ಕೀಲಿಗಳನ್ನು ಕಿಸೆಗೆ ಹಾಕಿಕೊಂಡ.

ಕೈಯಲ್ಲಿದ್ದ ತೆಂಗಿನಕಾಯಿಯನ್ನು ಅವನ ಮೇಜಿನ ಮೇಲೆಯೇ ಒಡೆಯಬೇಕು ಎನ್ನುವಷ್ಟು ಸಿಟ್ಟು ಬಂತು ಸೀಮಾಳಿಗೆ. ಇವತ್ತು ಒಂದನ್ನು ಗೊತ್ತು ಮಾಡಿಯೇ ಬಿಡುವುದೆಂದು ಅವಳು ಕಾಗವಾಡದಿಂದ ನಿಪ್ಪಾಣಿಗೆ ಬಂದಿದ್ದಳು. ಹೆದ್ದಾರಿಯ ಪಕ್ಕದಲ್ಲಿ ಹಳೆ ಕಾರು ಮಾರುವ ಅವನ ಅಂಗಳದಲ್ಲಿ, ಬೇವಿನ ನೆರಳಿಗೆ, ಆ ಎರಡೂ ಕಾರುಗಳು ನಿಂತಿದ್ದವು. ಒಂದು ಹಸಿರು ಜಾಗ್ವಾರ್. ಎರಡೇ ಸೀಟು, ನೆಲಕ್ಕೆ ಎದೆ ಹಚ್ಚಿ ಮಲಗಿದ ಚಿರತೆ. ಇನ್ನೊಂದು ಬೂದುಬಣ್ಣದ ಬಿಎಂಡಬ್ಲ್ಯೂ. ತುಸು ಎತ್ತರ, ಅಗಲವಾದ ಬಾಗಿಲು, ಹಿಂದೆ ಹೆಸರಿಗೆ ಎರಡು ಪುಟ್ಟ ಸೀಟು. ಎರಡನ್ನೂ ಯಾರೋ ಶ್ರೀಮಂತರು ನಾಲ್ಕು ದಿನ ಓಡಿಸಿ, ಬೇಸರವಾಗಿ ಕೈಬಿಟ್ಟಿದ್ದರು.

“ಯಾಕ ಮಾರೂದಿಲ್ಲಂತ ಕೇಳಬಹುದೇನ್ರಿ?”

“ನಿಮಗ ಗೊತ್ತೈತಿ.”

ಗೊತ್ತಿತ್ತು. ಗೊತ್ತಿರದೆ ಏನು? ಕೊಲ್ಲಾಪುರದ ಅಂಗಡಿಯವನು ಚಹಾ ತರಿಸಿ, ಅವಳ ತಮ್ಮ ಮಲ್ಲೇಶನ ಜೊತೆಗಷ್ಟೇ ಮಾತಾಡಿ ಕಳಿಸಿದ್ದ. ಬೆಳಗಾವಿಯವನು, “ಯಜಮಾನ್ರು ಬರಲ್ರಿ ಮೇಡಂ, ಆಮ್ಯಾಲ ತೋರಸ್ತೀನಿ,” ಎಂದು ಹಲ್ಲು ಕಿರಿದಿದ್ದ. ಹತ್ತು ಸುಗ್ಗಿ ಶೆಡ್ಡಿನಲ್ಲಿ ನಿಂತು ದ್ರಾಕ್ಷಿ ಒಣಗಿಸಿದವಳು, ವ್ಯಾಪಾರಕ್ಕೆ ಕೂತರೆ ಸಾಂಗಲಿಯ ದಲಾಲರನ್ನೇ ಬೆವರಿಳಿಸುವವಳು ಅವಳು. ತನ್ನ ದುಡಿಮೆಯಲ್ಲಿ ತನಗೊಂದು ಕಾರು ಬೇಕೆಂದರೆ ಊರಿಗೆಲ್ಲ ಒಂದೇ ಪ್ರಶ್ನೆ: ಯಾರಿಗೆ?

ಸುಹಾಸನೊಬ್ಬ ಹಾಗೆ ಕೇಳಿರಲಿಲ್ಲ. ಮೊದಲ ದಿನವೇ ಕೀಲಿಯನ್ನು ಮಲ್ಲೇಶನನ್ನು ದಾಟಿಸಿ ಅವಳ ಅಂಗೈಯಲ್ಲಿ ಇಟ್ಟಿದ್ದ.

“ರೇಸಿನ ಗಾಡಿ ಬ್ಯಾರೆ, ಇವು ಬ್ಯಾರೆರಿ. ಇವು ದೂರದ ಹಾದಿಗೆ ಹುಟ್ಟ್ಯಾವು. ಮುಂಜಾನೆ ಹತ್ತಿ ಸಂಜೀಕ ಇಳದ್ರೂ ಮೈ ದಣಿಯೂದಿಲ್ಲ.”

ಅವಳು ಬರುವ ದಿನ ಕಾರುಗಳು ಮೊದಲೇ ಬೇವಿನ ನೆರಳಿಗೆ ಬಂದಿರುತ್ತಿದ್ದವು, ಬಿಸಿಲಿಗೆ ಸೀಟು ಸುಡಬಾರದೆಂದು. ಅವನು ಅದನ್ನು ಹೇಳಿರಲಿಲ್ಲ, ಅವಳು ಗಮನಿಸಿದ್ದಳು. ಕನ್ನಡಿಯಲ್ಲಿ ಒಮ್ಮೆ ಕಣ್ಣಿಗೆ ಕಣ್ಣು ಸಿಕ್ಕಾಗ ಅವನು ಗಡಿಬಿಡಿಯಿಂದ ವೈಪರ್ ಹಚ್ಚಿದ್ದ. ಒಣ ಗಾಜಿನ ಮೇಲೆ ಅದು ಕಿರ್ ಕಿರ್ ಎಂದು ಒರೆಸಿದ ಸದ್ದು ನೆನೆದು ಅವಳು ಶೆಡ್ಡಿನಲ್ಲಿ ಒಬ್ಬಳೇ ನಕ್ಕಿದ್ದೂ ಉಂಟು.

ಅಂಥವನೇ ಈಗ ಹೀಗೆ! ಉಳಿದವರ ಮಾತು ಮೈಗೆ ತಾಗಿತ್ತು. ಇವನದು ಒಳಗೆ ತಾಗಿತು.

“ಮಾರಬ್ಯಾಡ್ರಿ. ಕಡೇ ಸಲ ಓಡಿಸಾಕರ ಕೊಡ್ರಿ. ಏನ ಬಿಟ್ಟ ಹೊಂಟೇನಿ ಅನ್ನೂದರ ತಿಳೀಲಿ.”

ಅವನು ಹಸಿರು ಕಾರಿನ ಕೀಲಿ ಕೊಟ್ಟು ಪಕ್ಕದಲ್ಲಿ ಕುಳಿತ.

ಭೋಜ ಗ್ರಾಮದ ಹಾದಿ ಹಿಡಿದಳು. ಕಾರು ಗುರುಗುಟ್ಟಿತು, ಅವಳೂ ಗುರುಗುಟ್ಟಿದಳು. ಕಬ್ಬಿನ ಟ್ರ್ಯಾಕ್ಟರನ್ನು ದಾಟಿ ತಿರುವಿಗೆ ಬಂದರೆ, ಮುಂದೆ ಡಾಂಬರೇ ಕಾಣಲಿಲ್ಲ. ಹುರಳಿ ಬಳ್ಳಿಯನ್ನು ರಸ್ತೆಯ ತುಂಬ ಹಾಸಿದ್ದರು. ಹೋಗಿ ಬರುವ ಗಾಡಿಗಳ ಗಾಲಿಯೇ ಇಲ್ಲಿಯವರ ಕಣ. ಟ್ರ್ಯಾಕ್ಟರು, ಬಸ್ಸು ತುಳಿದು ಹೋದರೆ ಕಾಳು ಉದುರುತ್ತದೆ. ಈ ಕಾರಿನ ಹೊಟ್ಟೆಗೆ ಮಾತ್ರ ಬಳ್ಳಿ ಸುತ್ತಿಕೊಳ್ಳುತ್ತದೆ.

ಅಂಚಿನಲ್ಲಿ ಕುಳಿತಿದ್ದ ಮುದುಕಿ, ರುಕ್ಮವ್ವ, ಕೈ ಬೀಸಿದಳು. “ಬರ್ರಿ ಬರ್ರಿ, ಮ್ಯಾಲ ಹಾದು ಬರ್ರಿ! ಪುಣ್ಯಾ ಬರತೈತಿ!”

ಸೀಮಾ ಹಾರ್ನಿಗೆ ಕೈ ಹಾಕುವುದರೊಳಗೆ ಸುಹಾಸ ಇಳಿದಿದ್ದ. ಬೂಟು ಬಿಚ್ಚಿದ. ಕಾಳು ಬೂಟಿಗೆ ಒಡೆಯಬಾರದಲ್ಲ. ಬಳ್ಳಿಯನ್ನು ತೋಳ್ತುಂಬ ಎತ್ತಿ ಎತ್ತಿ ಬದಿಗಿಡತೊಡಗಿದ.

ಅವನ ಬಿಳಿ ಅಂಗಿಯ ಮೇಲೆ ಹೊಟ್ಟು ಅಂಟುವುದನ್ನು ಸೀಮಾ ಕಾರಿನಿಂದಲೇ ನೋಡಿದಳು. ಸಿಟ್ಟು ಒಂದು ಗಳಿಗೆ ಸಡಿಲಾಯಿತು. ಹಾಗೆ ಸಡಿಲಾದದ್ದಕ್ಕೇ ಮತ್ತೆ ಸಿಟ್ಟು ಬಂತು. ಇಳಿದು ಬಾಗಿಲು ದಬ್ಬೆಂದು ಹಾಕಿದಳು.

ರುಕ್ಮವ್ವ ಅವಳನ್ನು ಮೇಲೆ ಕೆಳಗೆ ನೋಡಿದಳು. “ಎಷ್ಟ ಚಂದ ಐತಿ ಯವ್ವಾ ಗಾಡಿ. ಮದುವಿದೇನ? ವರಗ ಕೊಡಾಕ?”

“ನನಗ ಬೇ, ಮುದುಕಿ!” ಸೀಮಾಳ ದನಿ ಕಬ್ಬಿನ ಹೊಲ ದಾಟಿ ಹೋಯಿತು. “ನನಗ! ನನ್ನ ರೊಕ್ಕಾ, ನನ್ನ ಹೆಸರು, ನಾನ ಓಡಿಸಾಕಿ! ವರಾ ಇಲ್ಲ, ಗಿರಾ ಇಲ್ಲ!”

ಸುಹಾಸ ತೋಳ್ತುಂಬ ಹುರಳಿ ಹಿಡಿದುಕೊಂಡೇ ತಿರುಗಿ ನಿಂತ.

“ವರಾ ಇಲ್ಲ?”

“ಇಲ್ಲ!”

“ಮತ್ತ... ಗೋವಾಕ್ಕ ಹೋಗೂದೈತಿ, ಎತ್ತರದ ಮನಷ್ಯಾ ಪಕ್ಕದಾಗ ಕೂಡತಾನ, ಮೊಣಕಾಲ ಬ್ಯಾನಿ ಐತಿ, ಸೀಟು ಹಿಂದ ಸರೀಬೇಕು ಅಂದಿದ್ರಿ. ತೆಂಗಿನಕಾಯಿ ಬ್ಯಾರೆ ತಂದ್ರಿ.”

“ನಮ್ಮಪ್ಪರಿ ಅವರು!”

ಹುರಳಿ ಬಳ್ಳಿ ಅವನ ಕೈಯಿಂದ ಜಾರಿ ಬರಿಗಾಲಿನ ಮೇಲೆ ಬಿತ್ತು.

“ನಾ ಏನ ತಿಳದಿದ್ದೆ ಅಂದ್ರ...” ಅವನ ಕಿವಿ ಕೆಂಪಾಗಿತ್ತು. “ಮೊಣಕಾಲ ಹೋದ ಮುದುಕಗ ನಿಮ್ಮನ್ನ ಕಟ್ಟಾಕತ್ತಾರ, ಮ್ಯಾಲ ಗಾಡೀನೂ ಕೊಡಾಕತ್ತಾರ ಅಂತ. ಮೂರು ರಾತ್ರಿ ನಿದ್ದಿಲ್ರಿ ನನಗ.”

ರುಕ್ಮವ್ವ ಸೆರಗು ಬಾಯಿಗೆ ಹಚ್ಚಿ ನಕ್ಕಳು. ಸೀಮಾಳಿಗೂ ನಗು ಉಕ್ಕಿತು, ಹಲ್ಲು ಕಚ್ಚಿ ತಡೆದಳು.

“ವರದಕ್ಷಿಣೆ ಗಾಡಿ ನಾ ಮಾರೂದಿಲ್ರಿ,” ಎಂದ ಅವನು. “ನನ್ನ ತಂಗಿ ಮದುವ್ಯಾಗ ನಮ್ಮ ಅಂಗಳದಾಗಿಂದ ಛಲೋದೊಂದು ಕೊಟ್ಟಿದ್ವಿ. ಬಣ್ಣಾ ಸೇರಲಿಲ್ಲಂತ ವರಾ ಎಲ್ಲಾರ ಮುಂದ ಮುಖಾ ತಿರುವಿದಾ. ಹಾರಾ ಹಾಕಿದ ಗಾಡಿ ನೋಡಿದ್ರ ಈಗೂ ಹೊಟ್ಟ್ಯಾಗ ಉರೀತೈತಿ.”

“ಅದು ಖರೇ ಐತ್ರಿ. ಅದಕ್ಕ ನನಗೂ ಸಿಟ್ಟು ಬರತೈತಿ. ಆದ್ರ ನೀವು ನನ್ನ ಒಂದ ಮಾತು ಕೇಳಬೇಕಿತ್ತೋ ಇಲ್ಲೋ? ಊರ ಮಂದಿ ಗಂಡಸಿನ ಗಾಡಿ ಅಂತ ತಿಳೀತಾರ, ತಿಳೀಲಿ. ನೀವೂ ಅಷ್ಟ ತಿಳದ್ರಿ. ಸಿಟ್ಟು ಛಲೋದು, ತಿಳುವಳಿಕಿ ಅದಽ ಹಳೇದು.”

“ಕೇಳಬೇಕಿತ್ತು,” ಎಂದ. “ಕೇಳಾಕ ಹೆದರಿಕಿ ಇತ್ರಿ. ಹೌದು ಅಂದ್ರ?”

ಆ ಮಾತನ್ನು ಅಲ್ಲಿಯೇ ಬಿಟ್ಟು ಅವನು ಮತ್ತೆ ಬಾಗಿದ. ಕಾರು ದಾಟಿದ ಮೇಲೆ ತಿರುಗಿ ಹೋಗಿ, ಎತ್ತಿಟ್ಟ ಹುರಳಿಯನ್ನು ಮೊದಲಿನಂತೆಯೇ ಹಾಸಿದ. ರುಕ್ಮವ್ವ ಹಾಸಬೇಡ ಎಂದರೂ ಹಾಸಿದ.

ನಿಪ್ಪಾಣಿಗೆ ಮರಳಿ ಸೀಮಾ ಕೀಲಿಯನ್ನು ಅವನ ಕೈಗಿಟ್ಟಳು. ತೆಂಗಿನಕಾಯಿ ಎತ್ತಿಕೊಂಡು ಹೊರಟುಹೋದಳು.

ಮುಂದಿನ ರವಿವಾರ ಕಾಗವಾಡದ ಅವಳ ಮನೆಯ ಮುಂದೆ ಎರಡೂ ಕಾರುಗಳು ಬಂದು ನಿಂತವು. ಹಸಿರನ್ನು ಸುಹಾಸನ ಗೆಳೆಯ ಜಾವೇದ ತಂದಿದ್ದ, ಬೂದನ್ನು ಸುಹಾಸ.

“ನಾ ಕರದಿಲ್ಲ,” ಎಂದಳು ಸೀಮಾ ಬಾಗಿಲಲ್ಲೇ.

“ಹೌದ್ರಿ. ಗಾಡ್ಯಾಗ ಕೂಡೂ ಮೊಣಕಾಲಿಗೇ ಕೇಳಾಕ ಬಂದೀನಿ. ಈ ಸಲ ಕೇಳಿದ ಮ್ಯಾಲ ಮಾತು.”

ಅವಳ ತಂದೆ ವಿರುಪಾಕ್ಷಪ್ಪ ಕೋಲು ಊರಿಕೊಂಡು ಹೊರಗೆ ಬಂದರು. ಹರೆಯದಲ್ಲಿ ಟೆಂಪೊದ ತುಂಬ ದ್ರಾಕ್ಷಿ ಹೇರಿಕೊಂಡು ಅಂಬೋಲಿ ಘಾಟು ಇಳಿದು ಗೋವಾಕ್ಕೆ ಹೋಗುತ್ತಿದ್ದವರು. ಮಾಲು ಇಳಿಸಿ ತಿರುಗಿ ಬರುವ ಅವಸರದಲ್ಲಿ ಒಮ್ಮೆಯೂ ಸಮುದ್ರದ ದಂಡೆಯಲ್ಲಿ ಕುಳಿತವರಲ್ಲ. ಆ ಹಾದಿಯಲ್ಲಿ ತಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದ ಇಂಥ ಕಾರುಗಳ ಸುದ್ದಿಯನ್ನು ಮಗಳಿಗೆ ಕಥೆಯಂತೆ ಹೇಳಿದ್ದರು. ಅದಕ್ಕೇ, ಅವರನ್ನು ಗೋವಾದ ದಂಡೆಗೆ ಕರೆದೊಯ್ಯಲು, ಅವಳಿಗೆ ದೂರದ ಹಾದಿಯ ಗಾಡಿಯೇ ಬೇಕಿತ್ತು.

ಜಾಗ್ವಾರಿನಲ್ಲಿ ಕೂರಲು ಅವರು ಬಾವಿಗೆ ಇಳಿದ ಹಾಗೆ ಇಳಿಯಬೇಕಾಯಿತು. ಏಳುವಾಗ ಸುಹಾಸ ಕೈ ಕೊಡಲಿಲ್ಲ. ಹೆಗಲು ಕೊಟ್ಟ. ಹಿಡಿಯುವುದೋ ಬಿಡುವುದೋ ಹಿರಿಯರ ಇಚ್ಛೆಗೇ ಇರಲಿ ಎಂಬಂತೆ ತುಸು ಬಾಗಿ ನಿಂತ. ಸೀಮಾ ಅದನ್ನು ನೋಡಿದಳು.

“ಹಸರ ತಗೋ ಬೇ ಸೀಮಾ,” ಎಂದರು ತಂದೆ, ನೋವು ನುಂಗಿಕೊಂಡು. “ನಿನ್ನ ಜೀವ ಅದರ ಮ್ಯಾಲ ಐತಿ. ಓಡಿಸಾಕಿ ನೀನು.”

ಸೀಮಾ ಸುಹಾಸನ ಕಡೆ ತಿರುಗಿದಳು. “ನೀವು ಏನಂತೀರಿ? ಮಾರಾವ್ರಾಗಿ ಬ್ಯಾಡ, ಖರೇ ಹೇಳ್ರಿ.”

ಅವನು ಹಸಿರು ಕಾರನ್ನು ನೋಡಿದ. ಬೂದು ಕಾರನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

“ಹಸರದಾಗ ಎರಡ ಸೀಟದಾವ್ರಿ. ಒಂದು ನಿಮ್ಮದು, ಒಂದು ಅಪ್ಪಾರದು.” ಬೂದು ಕಾರಿನ ಬಾಗಿಲಿಗೆ ಕೈ ಇಟ್ಟ. “ನಾ ಎಲ್ಲಿ ಕೂಡಬೇಕ್ರಿ?”

ವಿರುಪಾಕ್ಷಪ್ಪನವರು ಒಮ್ಮೆಲೇ ಟಯರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಜಾವೇದ ಆಕಾಶ ನೋಡಿದ.

“ಬೂದು ಗಾಡಿ ಹಿಂದಿನ ಸೀಟ ಭಾಳ ಸಣ್ಣವು,” ಎಂದಳು ಸೀಮಾ ಬಿಗಿಯಾಗಿ. “ಮೊಣಕಾಲ ಗದ್ದಕ್ಕ ಬಡೀತಾವು.”

“ಬಡೀಲ್ರಿ.”

“ಗಾಡಿ ನನ್ನ ಹೆಸರಲೆ ಇರತೈತಿ. ಮದುವಿ ಆದ ಮ್ಯಾಲೂ.”

“ಸೀಟ ಅಷ್ಟ ಸಾಕ್ರಿ ನನಗ.”

“ಸಿಟ್ಟ ಇನ್ನೂ ಇಳದಿಲ್ಲ ನನಗ.”

“ಗೋವಾ ದೂರ ಐತ್ರಿ. ಸಾವಕಾಶ ಇಳೀಲಿ.”

ಅವಳು ಒಳಗೆ ಹೋದಳು. ಸುಹಾಸನ ಮುಖ ಬಾಡಿತು. ಮರಳಿ ಬಂದಾಗ ಅವಳ ಕೈಯಲ್ಲಿ ಅದೇ ತೆಂಗಿನಕಾಯಿ ಇತ್ತು. ಬೂದು ಕಾರಿನ ಮುಂದೆ ಒಂದೇ ಏಟಿಗೆ ಒಡೆದಳು.

“ಹತ್ತ್ರಿ,” ಎಂದಳು, ಮುಂದಿನ ಸೀಟು ಬಗ್ಗಿಸಿ ಹಿಂದಿನದನ್ನು ತೋರಿಸಿ.

ಮೈ ಮಡಚಿ ಮಡಚಿ ಅವನು ಹತ್ತಿದ. ತಂದೆ ಮುಂದೆ ಕಾಲು ಚಾಚಿ ಕುಳಿತು, “ಆಹಾ,” ಎಂದರು. ಸೀಮಾ ಕಾರು ಎಬ್ಬಿಸುವ ಮುನ್ನ ಕನ್ನಡಿಯನ್ನು ತುಸು ಕೆಳಗೆ ಬಾಗಿಸಿದಳು. ಹಿಂದಿನ ರಸ್ತೆ ಕಾಣದಂತಾಯಿತು. ಗದ್ದಕ್ಕೆ ಮೊಣಕಾಲು ಹಚ್ಚಿ ಕುಳಿತ ಒಂದು ನಗುಮುಖ ಮಾತ್ರ ಕಂಡಿತು.